ಮೈಮೇಲಿನ ಮಚ್ಚೆಯನ್ನು ವೈದ್ಯರಿಗೆ ಯಾವಾಗ ತೋರಿಸಬೇಕು?

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳು ಒಂದೆಡೆ ಗುಂಪುಗೂಡಿದಾಗ ಮಚ್ಚೆ ಮೂಡುತ್ತದೆ, ಮತ್ತು ಬಹುಪಾಲು ಮಚ್ಚೆಗಳು ಜೀವನಪರ್ಯಂತ ನಿರಪಾಯಕಾರಿಯಾಗಿಯೇ ಉಳಿಯುತ್ತವೆ. ಆದರೆ ಮಚ್ಚೆಯ ಎರಡು ಅರ್ಧಗಳು ಒಂದಕ್ಕೊಂದು ಹೊಂದದಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ಒಂದರಲ್ಲೇ ಕಂದು, ಕಪ್ಪು, ಕೆಂಪು ಬಣ್ಣಗಳು ಬೆರೆತಿದ್ದರೆ, ಅಗಲ 6 ಮಿಲಿಮೀಟರ್ ಮೀರಿದ್ದರೆ, ಎಲ್ಲಕ್ಕಿಂತ ಮುಖ್ಯವಾಗಿ ಅದು ವಾರ, ತಿಂಗಳುಗಳಲ್ಲಿ ಬದಲಾಗುತ್ತಿದ್ದರೆ ಅಥವಾ ರಕ್ತ ಒಸರುತ್ತಿದ್ದರೆ, ಚರ್ಮರೋಗ ತಜ್ಞರಿಗೆ ತಡಮಾಡದೆ ತೋರಿಸಬೇಕು.

ಈ ಲಕ್ಷಣಗಳು ಸೂಚಿಸಬಹುದಾದ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮಂತಹ ಕಂದು ಮೈಬಣ್ಣದವರಲ್ಲಿ ವಿರಳ. ಆದರೆ ಬಂದಾಗ ಅಂಗಾಲು, ಅಂಗೈ ಅಥವಾ ಉಗುರಿನ ಅಡಿಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ ಅದನ್ನು ಆಣಿಯೆಂದೋ ಪೆಟ್ಟಿನ ಗುರುತೆಂದೋ ಕಡೆಗಣಿಸುವ ಅಪಾಯವಿದೆ. 1981ರಲ್ಲಿ ತೀರಿಕೊಂಡ ಗಾಯಕ ಬಾಬ್ ಮಾರ್ಲಿಯವರ ಕಾಯಿಲೆಯೂ ಕಾಲ್ಬೆರಳ ಉಗುರಿನ ಅಡಿಯಲ್ಲೇ ಶುರುವಾಗಿತ್ತು. ಪೆಟ್ಟಿನಿಂದ ಹೆಪ್ಪುಗಟ್ಟಿದ ರಕ್ತದ ಕಲೆ ಉಗುರು ಬೆಳೆದಂತೆ ತುದಿಯತ್ತ ಸರಿಯುತ್ತದೆ. ಹಾಗೆ ಸರಿಯದೆ, ಬುಡದಿಂದ ತುದಿಯವರೆಗೆ ನಿಂತು ಅಗಲವಾಗುತ್ತಿರುವ ಕಪ್ಪು ಗೆರೆಯನ್ನು ಪರೀಕ್ಷಿಸಿಕೊಳ್ಳಲೇಬೇಕು.

ಮಚ್ಚೆಗೆ ಸುಣ್ಣ, ಸೋಡಾ ಹಚ್ಚಿ ಸುಡುವುದು ಖಂಡಿತ ಸಲ್ಲದು. ಕತ್ತರಿಸಿ ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ರೋಗ ಖಚಿತವಾಗುವುದರಿಂದ, ಸುಟ್ಟರೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ.