ಗಣಕ ಪ್ರಶ್ನೋತ್ತರ: ಬಟನ್ ಮೇಲಿನ ಬರಹ ಬೇರೆ, ಬಟನ್‌ನ ಗುರುತು ಬೇರೆ

ಡೆಸ್ಕ್‌ಟಾಪ್ ತಂತ್ರಾಂಶಗಳ ಪರೀಕ್ಷೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಸುತ್ತುತ್ತಿವೆ: ಪರದೆಯ ಮೇಲಿನ ಬಟನ್, ಪೆಟ್ಟಿಗೆ, ಪಟ್ಟಿಗಳಿಗೆ ಗುರುತು ಕೊಡುವುದು ಹೇಗೆ, ಯಾರಿಗಾಗಿ? ಹಾಗಾಗಿ ಈ ಬಾರಿಯ ಅಂಕಣ ಪೂರ್ತಿ ಅದಕ್ಕೇ ಮೀಸಲು. ಪ್ರಿಂಟರ್ ಕೈಕೊಟ್ಟಿದೆ ಎಂದು ಬರೆದವರು ದಯವಿಟ್ಟು ಮುಂದಿನ ತಿಂಗಳವರೆಗೆ ತಾಳಬೇಕು.

● ಪತ್ತಿನ ಸಹಕಾರ ಸಂಘಗಳಿಗಾಗಿ ಡಬ್ಲ್ಯುಪಿಎಫ್‌ನಲ್ಲಿ (ವಿಂಡೋಸ್ ಪರದೆಗಳನ್ನು ಕಟ್ಟಲು ಮೈಕ್ರೋಸಾಫ್ಟ್ ಕೊಟ್ಟ ಸಲಕರಣೆ) ಲೆಕ್ಕಪತ್ರದ ತಂತ್ರಾಂಶ ಮಾಡುವ ಸಣ್ಣ ತಂಡ ನಮ್ಮದು. ತಾನಾಗಿ ಓಡುವ ಪರೀಕ್ಷೆಗಳೂ ಇವೆ. ಸಂಘದವರ ಬೇಡಿಕೆಯಂತೆ ಪರದೆಗಳನ್ನೆಲ್ಲ ಕನ್ನಡಕ್ಕೆ ತಂದೆವು. ಅಂದಿನಿಂದ ಪರೀಕ್ಷೆಗಳು ‘ಬಟನ್ ಸಿಗಲಿಲ್ಲ’ ಎಂದು ಸಾಲಾಗಿ ಬೀಳುತ್ತಿವೆ. ಇಂಗ್ಲಿಷಿಗೊಂದು, ಕನ್ನಡಕ್ಕೊಂದು ಎಂದು ಎರಡು ಪ್ರತಿ ಬರೆಯಿರಿ ಎನ್ನುತ್ತಾರೆ ನಮ್ಮ ಹಿರಿಯರು. ಇದು ಸರಿಯೇ? (ಓದುಗರು, ಹುಬ್ಬಳ್ಳಿ)

ಖಂಡಿತ ಬೇಡ. ನಾಳೆ ಗಡಿಭಾಗದ ಸಂಘವೊಂದು ಮರಾಠಿ ಕೇಳಿದರೆ ಮೂರನೆಯ ಪ್ರತಿಗೆ ಕೂರುತ್ತೀರಾ?

ನಿಮ್ಮ ಪರೀಕ್ಷೆ ಬಟನ್ ಹುಡುಕುತ್ತಿರುವುದು ಅದರ ಮೇಲಿನ ಬರಹದಿಂದ. ‘ಸೇವ್’ ಎಲ್ಲಿದೆ ಎಂದು ಅದು ಕೇಳುತ್ತದೆ, ಪರದೆಯಲ್ಲಿರುವುದು ‘ಉಳಿಸಿ’. ನಮ್ಮ ಮನೆಗಳ ವಿದ್ಯುತ್ ಮೀಟರಿಗೆ ಆರ್.ಆರ್. ನಂಬರ್ ಇರುತ್ತದಲ್ಲ? ಬಾಡಿಗೆಗೆ ಯಾರೇ ಬರಲಿ, ಗೇಟಿನ ಹೆಸರಿನ ಫಲಕ ಎಷ್ಟು ಸಲವೇ ಬದಲಾಗಲಿ, ಬಿಲ್ಲು ಬರುವುದು ಅದೇ ನಂಬರಿಗೆ. ಬಟನ್‌ಗೂ ಅಂಥದೊಂದು ಬೇಕು. ವಿಂಡೋಸ್‌ನಲ್ಲಿ ಅದನ್ನು ಆಟೊಮೇಷನ್ ಐಡಿ ಎನ್ನುತ್ತಾರೆ.

ಯೋಚನೆ ಹೊಸದಲ್ಲ. ಹಳೆಯ ವಿಂಡೋಸ್ ಡಯಲಾಗ್‌ಗಳಲ್ಲೂ ಪ್ರತಿಯೊಂದು ಅಂಗಕ್ಕೆ ಒಂದು ಅಂಕೆ ಇರುತ್ತಿತ್ತು: ‘ಓಕೆ’ಗೆ 1, ‘ಕ್ಯಾನ್ಸಲ್’ಗೆ 2, ‘ಎಸ್’ಗೆ 6, ‘ನೋ’ಗೆ 7. ಇಂದಿಗೂ ಅವೇ ಅಂಕೆಗಳು. ಸುಮ್ಮನೆ ಓದಲಿಕ್ಕಿರುವ ಲೇಬಲ್‌ಗಳಿಗೆ ಮಾತ್ರ ಸಾರಾಸಗಟಾಗಿ -1. ಅವನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ ಎಂಬ ಲೆಕ್ಕ. 2006ರಲ್ಲಿ ತಂತ್ರಾಂಶ ಕಟ್ಟುವ ಮೈಕ್ರೋಸಾಫ್ಟ್‌ನ ಬುನಾದಿಯಾದ ಡಾಟ್‌ನೆಟ್ 3.0 ಜೊತೆ ಡಬ್ಲ್ಯುಪಿಎಫ್ ಬಂತು, ಅದರ ಜೊತೆಗೇ ಯುಐ ಆಟೊಮೇಷನ್ ಕೂಡ, ಅಂದರೆ ಪರದೆಯ ಅಂಗಗಳನ್ನು ಬೇರೆ ಪ್ರೋಗ್ರಾಂಗಳು ಹುಡುಕಿ ಬಳಸುವ ವ್ಯವಸ್ಥೆ. ಅಂಕೆಯ ಜಾಗದಲ್ಲಿ ನಾವು ಕೊಟ್ಟ ಪದವೇ ಗುರುತಾಗಬಹುದಾದದ್ದು ಅದರಲ್ಲಿ. ಪರದೆಯ ಭಾಷೆ ಯಾವುದೇ ಇರಲಿ, ಈ ಗುರುತು ಬದಲಾಗಬಾರದು ಎಂಬುದು ಮೈಕ್ರೋಸಾಫ್ಟ್ ಹಾಕಿಕೊಂಡ ನಿಯಮ.

ಮಾಡಬೇಕಾದ ಕೆಲಸ ಇಷ್ಟೇ. ಪರದೆಯ ವಿನ್ಯಾಸ ಬರೆದಿಡುವ ಜ್ಯಾಮಲ್ ಕಡತದಲ್ಲಿ ಆ ಬಟನ್‌ನ ಸಾಲಿಗೆ ಹೋಗಿ ‘ಆಟೊಮೇಷನ್‌ಪ್ರಾಪರ್ಟೀಸ್.ಆಟೊಮೇಷನ್‌ಐಡಿ’ ಎಂಬ ಗುಣಕ್ಕೆ ‘ಡೆಪಾಸಿಟ್‌ಸೇವ್’ ಎಂಬಂಥ ಬೆಲೆ ಕೊಡಿ. ಪರೀಕ್ಷೆ ಅದನ್ನೇ ಹುಡುಕಲಿ. ಎಷ್ಟೋ ಬಟನ್‌ಗಳಿಗೆ ಕೋಡ್‌ನಿಂದ ಕರೆಯಲು ನೀವು ಈಗಾಗಲೇ ‘ಎಕ್ಸ್:ನೇಮ್’ ಎಂಬ ಹೆಸರು ಕೊಟ್ಟಿರುತ್ತೀರಿ. ಐಡಿ ಪ್ರತ್ಯೇಕವಾಗಿ ಇಲ್ಲದಿದ್ದರೆ ಡಬ್ಲ್ಯುಪಿಎಫ್ ಆ ಹೆಸರನ್ನೇ ಐಡಿಯಾಗಿ ತೋರಿಸುತ್ತದೆ, ಅಂದರೆ ಅರ್ಧ ಕೆಲಸ ಮುಗಿದಿರಲೂಬಹುದು. ನೋಡಿ ಖಚಿತಪಡಿಸಿಕೊಳ್ಳಲು ವಿಂಡೋಸ್ ಎಸ್‌ಡಿಕೆಯಲ್ಲಿರುವ (ತಂತ್ರಾಂಶ ಮಾಡುವವರ ಸಲಕರಣೆಗಳ ಕಟ್ಟು) ‘ಇನ್‌ಸ್ಪೆಕ್ಟ್’ ತೆರೆದು ಮೌಸನ್ನು ಬಟನ್ ಮೇಲೆ ನಿಲ್ಲಿಸಿ. ಬಲಬದಿಯ ಪಟ್ಟಿಯಲ್ಲಿ ‘ನೇಮ್’ ಎದುರು ‘ಉಳಿಸಿ’ ಎಂದೂ ‘ಆಟೊಮೇಷನ್‌ಐಡಿ’ ಎದುರು ‘ಡೆಪಾಸಿಟ್‌ಸೇವ್’ ಎಂದೂ ಕಾಣಬೇಕು. ಎರಡನೆಯದು ಖಾಲಿ ಇದ್ದರೆ ನಿಮ್ಮ ಕೆಲಸ ಅಲ್ಲಿದೆ.

ಗುರುತಿಡುವಾಗ ಬಟನ್ ಮಾಡುವ ಕೆಲಸ ನೋಡಿ. ಅದು ಕೂತಿರುವ ಜಾಗವನ್ನಲ್ಲ, ಬಣ್ಣವನ್ನಂತೂ ಅಲ್ಲವೇ ಅಲ್ಲ. ‘ರೈಟ್‌ಬಟನ್’, ‘ಗ್ರೀನ್‌ಬಟನ್’ ಎಂಬ ಗುರುತುಗಳನ್ನು ಕಂಡಾಗಲೆಲ್ಲ ನನಗೆ ಮೈಯುರಿಯುತ್ತದೆ. ವಿನ್ಯಾಸಕಾರರು ಆ ಬಟನ್ನನ್ನು ಎಡಕ್ಕೆ ಸರಿಸಿ ನೀಲಿ ಬಳಿದ ದಿನ ಅವು ಶುದ್ಧ ಸುಳ್ಳಾಗುತ್ತವೆ.

● ನನಗೆ ದೃಷ್ಟಿಯಿಲ್ಲ. ಎನ್‌ವಿಡಿಎ ಪರದೆ ಓದುಗದ ನೆರವಿನಿಂದ ಕೆಲಸ ಮಾಡುತ್ತೇನೆ. ಕಚೇರಿಗೆ ಬಂದ ಹೊಸ ತಂತ್ರಾಂಶದಲ್ಲಿ ಟ್ಯಾಬ್ ಒತ್ತುತ್ತ ಹೋದರೆ ‘ಬಟನ್, ಬಟನ್, ಬಟನ್’ ಎಂದಷ್ಟೇ ಕೇಳಿಸುತ್ತದೆ. ಮಾಡಿಕೊಟ್ಟವರನ್ನು ವಿಚಾರಿಸಿದರೆ, ‘ಎಲ್ಲಕ್ಕೂ ಐಡಿ ಕೊಟ್ಟಿದ್ದೇವೆ, ತೊಂದರೆ ಇರುವುದು ನಿಮ್ಮ ಎನ್‌ವಿಡಿಎಯಲ್ಲಿ’ ಎನ್ನುತ್ತಾರೆ. (ಓದುಗರು, ಧಾರವಾಡ)

ನಿಮ್ಮ ಎನ್‌ವಿಡಿಎಗೆ ಏನೂ ಆಗಿಲ್ಲ. ಅದು ಇದ್ದದ್ದನ್ನು ಇದ್ದಂತೆ ಹೇಳುತ್ತಿದೆ.

ಅವರು ಐಡಿ ಕೊಟ್ಟಿರಬಹುದು, ನಂಬೋಣ. ಆದರೆ ಐಡಿ ಇರುವುದು ನನ್ನಂಥ ಪರೀಕ್ಷಕಿಯ ಯಂತ್ರಕ್ಕಾಗಿ. ಪರದೆ ಓದುಗ ಅದನ್ನು ಉಚ್ಚರಿಸುವುದಿಲ್ಲ. ಅದು ಓದಿ ಹೇಳುವುದು ‘ನೇಮ್’ ಎಂಬ ಇನ್ನೊಂದು ಗುಣವನ್ನು. ಬಟನ್ ಒಳಗೆ ಅಕ್ಷರಗಳಿದ್ದರೆ ಡಬ್ಲ್ಯುಪಿಎಫ್ ಅವನ್ನೇ ನೇಮ್ ಆಗಿ ತೆಗೆದುಕೊಳ್ಳುತ್ತದೆ. ನಿಮ್ಮ ತಂತ್ರಾಂಶದ ಬಟನ್‌ಗಳಲ್ಲಿ ಬಹುಶಃ ಬರೀ ಚಿತ್ರಗಳಿವೆ: ಉಳಿಸಲು ಫ್ಲಾಪಿ, ಮುದ್ರಿಸಲು ಪ್ರಿಂಟರ್, ಅಳಿಸಲು ಕಸದ ಬುಟ್ಟಿ. ಫ್ಲಾಪಿಯನ್ನೇ ಕಂಡಿರದ ಮಕ್ಕಳೂ ಅದರ ಚಿತ್ರ ಒತ್ತುತ್ತಾರೆ, ಅದಿರಲಿ. ಚಿತ್ರದಿಂದ ನೇಮ್ ಹುಟ್ಟುವುದಿಲ್ಲ. ಹೀಗಾಗಿ ನಿಮ್ಮ ಕಿವಿಗೆ ಬೀಳುವುದು ಅಂಗದ ಜಾತಿ ಮಾತ್ರ.

ಈ ಪ್ಯಾರಾವನ್ನು ಹಾಗೆಯೇ ಅವರಿಗೆ ಕಳುಹಿಸಿ: ಚಿತ್ರವಿರುವ ಪ್ರತಿ ಬಟನ್‌ಗೂ ‘ಆಟೊಮೇಷನ್‌ಪ್ರಾಪರ್ಟೀಸ್.ನೇಮ್’ ಕೊಡಿ. ಬರೆಯುವ ಪೆಟ್ಟಿಗೆಗಳನ್ನು ‘ಲೇಬಲ್ಡ್‌ಬೈ’ ಮೂಲಕ ಅವುಗಳ ಪಕ್ಕದ ಲೇಬಲ್‌ಗೆ ಜೋಡಿಸಿ. ನೇಮ್ ಕೂಡ ಅನುವಾದವಾಗಬೇಕಾದ ಪಠ್ಯ, ಕೋಡ್‌ನೊಳಗೆ ಇಂಗ್ಲಿಷಿನಲ್ಲಿ ಹೂತಿಡಬೇಡಿ. ‘ಉಳಿಸಿ ಬಟನ್’ ಎಂದು ಬರೆಯಬೇಡಿ, ‘ಉಳಿಸಿ’ ಸಾಕು. ಬಟನ್ ಎಂಬುದನ್ನು ಓದುಗ ತಾನೇ ಸೇರಿಸುತ್ತದೆ. ನೀವೂ ಬರೆದರೆ ‘ಉಳಿಸಿ ಬಟನ್ ಬಟನ್’ ಆಗುತ್ತದೆ.

ಅವಸರದಲ್ಲಿ ಐಡಿಯನ್ನೇ ಎತ್ತಿ ನೇಮ್‌ಗೆ ಅಂಟಿಸುವವರೂ ಇದ್ದಾರೆ. ಆಗ ‘ಬಿಟಿಎನ್ ಸೇವ್ ಅಂಡರ್‌ಸ್ಕೋರ್ ಟು’ ಎಂದು ಕೇಳಿಸುತ್ತದೆ. ಅದಕ್ಕೆ ಒಪ್ಪಬೇಡಿ.

ಎನ್‌ವಿಡಿಎ ಉಚಿತ. ಸ್ವತಃ ದೃಷ್ಟಿಯಿಲ್ಲದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಅದನ್ನು ಆರಂಭಿಸಿದರು, ಅವರಂತೆಯೇ ದೃಷ್ಟಿಯಿಲ್ಲದ ಜೇಮ್ಸ್ ಟೆ ಕೈಜೋಡಿಸಿದರು. ಅದರೊಳಗಿನ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಇಂಪಾಗಿ ಅಲ್ಲ, ಆದರೆ ಅರ್ಥವಾಗುತ್ತದೆ. ತಂತ್ರಾಂಶ ಮಾಡಿದವರು ಅದನ್ನು ಹಾಕಿಕೊಂಡು, ಮಾನಿಟರ್ ಆರಿಸಿ, ಒಂದೇ ಒಂದು ರಸೀದಿ ಮುದ್ರಿಸಿ ತೋರಿಸಲಿ. ಆಮೇಲೆ ತೊಂದರೆ ಯಾರದೆಂದು ಮಾತಾಡೋಣ.

● ಸದಸ್ಯರ ಪಟ್ಟಿಯಲ್ಲಿ ಪ್ರತಿ ಸಾಲಿಗೂ ‘ಅಳಿಸಿ’ ಬಟನ್ ಇದೆ. ಎಲ್ಲ ಸಾಲುಗಳಿಗೂ ಅಚ್ಚಾಗುವ ಟೆಂಪ್ಲೇಟ್‌ನಲ್ಲಿ ಒಮ್ಮೆ ಐಡಿ ಬರೆದರೆ ಎಲ್ಲ ಸಾಲಿಗೂ ಅದೇ ಬರುತ್ತದೆ. ಪರೀಕ್ಷೆ ಯಾವಾಗಲೂ ಮೊದಲನೆಯ ಸದಸ್ಯರನ್ನೇ ಅಳಿಸುತ್ತದೆ! (ಓದುಗರು, ಶಿವಮೊಗ್ಗ)

ಪಾಪ, ಮೊದಲನೆಯ ಸದಸ್ಯರು. ಒಂದು ಐಡಿ ಇಡೀ ಪರದೆಯಲ್ಲಿ ಎರಡನೆಯ ಸಲ ಬರಲೇಬಾರದು ಎಂದೇನಿಲ್ಲ, ಒಂದೇ ಮನೆಯ ಮಕ್ಕಳ ನಡುವೆ, ಅಂದರೆ ಒಂದೇ ಅಂಗದೊಳಗೆ ನೇರವಾಗಿ ಕೂತವುಗಳ ನಡುವೆ, ಬೇರೆಯಾಗಿದ್ದರೆ ಸಾಕು. ಆದ್ದರಿಂದ ಬಟನ್‌ಗಳ ಐಡಿ ಹಾಗೇ ಇರಲಿ, ಸಾಲುಗಳಿಗೆ ಬೇರೆ ಬೇರೆ ಐಡಿ ಕೊಡಿ. ಸಾಲಿನ ಐಡಿಯನ್ನು ಸದಸ್ಯತ್ವ ಸಂಖ್ಯೆಗೆ ಬೈಂಡ್ ಮಾಡಿದರೆ, ಅಂದರೆ ಆ ಸಂಖ್ಯೆಯೇ ಐಡಿಯಾಗುವಂತೆ ಜೋಡಿಸಿದರೆ, ಪರೀಕ್ಷೆ ಮೊದಲು ಸಾಲನ್ನು ಹಿಡಿಯುತ್ತದೆ, ಆಮೇಲೆ ಅದರೊಳಗಿನ ‘ಅಳಿಸಿ’ಯನ್ನು. ಒಂದನೆಯ ಸಾಲು, ಎರಡನೆಯ ಸಾಲು ಎಂದು ಕ್ರಮಾಂಕ ಕೊಡಬೇಡಿ. ಯಾರಾದರೂ ಹೆಸರಿನ ಪ್ರಕಾರ ಪಟ್ಟಿಯನ್ನು ಜೋಡಿಸಿದ ಕೂಡಲೇ ಕ್ರಮಾಂಕ ಇನ್ನೊಬ್ಬರ ಪಾಲಾಗುತ್ತದೆ. ಆಧಾರ್ ಸಂಖ್ಯೆ, ಫೋನ್ ಸಂಖ್ಯೆಗಳನ್ನೂ ಬಳಸಬೇಡಿ. ಐಡಿ ಗುಟ್ಟಿನ ವಸ್ತುವಲ್ಲ, ಅದೇ ಕಂಪ್ಯೂಟರಿನ ಬೇರೆ ಪ್ರೋಗ್ರಾಂಗಳೂ ಅದನ್ನು ಓದಬಲ್ಲವು, ಪರೀಕ್ಷೆಯ ದಾಖಲೆಗಳಲ್ಲೂ ಅದು ಬಿದ್ದಿರುತ್ತದೆ.

ಇನ್ನೊಂದು ಎಚ್ಚರಿಕೆ. ಪಟ್ಟಿ ಉದ್ದವಾಗಿದ್ದರೆ ಕೆಳಗಿನ ಸಾಲುಗಳು ಹುಟ್ಟಿಯೇ ಇರುವುದಿಲ್ಲ. ಡಬ್ಲ್ಯುಪಿಎಫ್ ಕಣ್ಣಿಗೆ ಕಾಣುವಷ್ಟನ್ನು ಮಾತ್ರ ಸೃಷ್ಟಿಸಿ ಕಂಪ್ಯೂಟರಿನ ಮೆಮೊರಿ ಮಿಗಿಸುತ್ತದೆ. ಐಡಿ ಸರಿಯಿದ್ದೂ ಸಾಲು ಸಿಗದಿದ್ದರೆ ಮೊದಲು ಪಟ್ಟಿಯನ್ನು ಕೆಳಕ್ಕೆ ಸರಿಸಿ ನೋಡಿ.

● ಎಕ್ಸ್:ನೇಮ್, ಎಕ್ಸ್:ಯುಐಡಿ, ಆಟೊಮೇಷನ್ ಐಡಿ, ಟ್ಯಾಗ್… ಒಂದು ಬಟನ್‌ಗೆ ಇಷ್ಟೆಲ್ಲ ಯಾಕೆ? (ವಿದ್ಯಾರ್ಥಿನಿ, ಬಳ್ಳಾರಿ)

ಒಂದೊಂದಕ್ಕೂ ಬೇರೆ ಬೇರೆ ವಾರಸುದಾರರು. ಎಕ್ಸ್:ನೇಮ್ ಪ್ರೋಗ್ರಾಮರ್‌ಗೆ, ಕೋಡ್‌ನಿಂದ ಆ ಬಟನ್ನನ್ನು ಕರೆಯಲು. ಎಕ್ಸ್:ಯುಐಡಿ ಅನುವಾದಕರಿಗೆ, ಯಾವ ಅಂಗದ ಪಠ್ಯ ಯಾವುದೆಂದು ಹೊಂದಿಸಲು. ಇದನ್ನು ಕೈಯಿಂದ ಬರೆಯಬೇಕಿಲ್ಲ, ಕೋಡನ್ನು ತಂತ್ರಾಂಶವಾಗಿ ಕಟ್ಟುವ ಎಂಎಸ್‌ಬಿಲ್ಡ್‌ನ ‘ಅಪ್‌ಡೇಟ್‌ಯುಐಡಿ’ ಎಲ್ಲ ಅಂಗಗಳಿಗೂ ತಾನೇ ಹಾಕುತ್ತದೆ, ‘ಚೆಕ್‌ಯುಐಡಿ’ ತಪಾಸಣೆ ಮಾಡುತ್ತದೆ. ಆಟೊಮೇಷನ್ ಐಡಿ ಪರೀಕ್ಷಕರಿಗೆ. ಟ್ಯಾಗ್ ಎಂಬುದು ಪ್ರೋಗ್ರಾಮರ್‌ನ ಸ್ವಂತ ಜೇಬು, ಹೊರಗಿನವರಿಗೆ ಕಾಣುವುದಿಲ್ಲ. ಪರೀಕ್ಷೆಗೆಂದು ಟ್ಯಾಗ್‌ನಲ್ಲಿ ಗುರುತು ಬರೆದಿಟ್ಟು ‘ಸಿಗುತ್ತಿಲ್ಲ’ ಎಂದು ಕೊರಗುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

● ಈ ಗುರುತುಗಳನ್ನು ಕನ್ನಡದಲ್ಲೇ ಇಡಬಹುದೇ? ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದಾರೆ. (ಶಿಕ್ಷಕರು, ಚನ್ನರಾಯಪಟ್ಟಣ)

ಇಡಬಹುದು. ಜ್ಯಾಮಲ್‌ನ ಹೆಸರಿನ ನಿಯಮವೂ ಸಿ ಶಾರ್ಪ್ ಭಾಷೆಯೂ ಕನ್ನಡ ಅಕ್ಷರಗಳನ್ನು ಒಪ್ಪುತ್ತವೆ. ತರಗತಿಯಲ್ಲಿ ಮಾಡಿ ತೋರಿಸಿ, ಮಕ್ಕಳು ಕುಣಿದಾಡುತ್ತಾರೆ. ಗ್ರಾಹಕರಿಗೆ ಕೊಡುವ ತಂತ್ರಾಂಶದಲ್ಲಿ ಮಾತ್ರ ನಾನು ಬೇಡ ಎನ್ನುತ್ತೇನೆ. ಇದರಲ್ಲಿ ಭಾಷಾಭಿಮಾನದ ಪ್ರಶ್ನೆಯಿಲ್ಲ, ತೊಡಕು ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನದು.

‘ಕೋ’ ಎಂಬ ಅಕ್ಷರವನ್ನೇ ನೋಡಿ. ‘ಕ’ದ ಮುಂದೆ ಓಕಾರದ ಒಂದೇ ಚಿಹ್ನೆ ಇಟ್ಟು ಅದನ್ನು ಬರೆಯಬಹುದು. ಎಕಾರ, ಊಕಾರ ಮತ್ತು ದೀರ್ಘದ ಮೂರು ಚಿಹ್ನೆಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ ರೂಪ. ಯೂನಿಕೋಡ್ ಕೂಡ ಎರಡನ್ನೂ ಸಮಾನ ಎನ್ನುತ್ತದೆ. ಆದರೆ ಸಂಕೇತಗಳನ್ನು ಒಂದೊಂದಾಗಿ ಹೋಲಿಸುವ ಪ್ರೋಗ್ರಾಂ ಇವು ಬೇರೆ ಬೇರೆ ಎಂದು ತೀರ್ಪು ಕೊಡುತ್ತದೆ. ಇದಕ್ಕಿಂತ ಉಪದ್ರವಿ ‘ಸಾಫ್ಟ್‌ವೇರ್’ನಲ್ಲಿ ವಕಾರ ಒತ್ತಾಗದಂತೆ ತಡೆಯುವ ಆ ಅಗೋಚರ ಚಿಹ್ನೆ. ಪದದ ನಡುವೆ ಅದಕ್ಕೆ ಕೆಲಸವಿದೆ. ‘ಬ್ಯಾಂಕ್’ ಎಂಬ ಪದದ ಕೊನೆಯಲ್ಲಿ ಅದು ಉಳಿದುಕೊಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪರೀಕ್ಷೆಯ ವರದಿ ‘ಬ್ಯಾಂಕ್ ಸಿಗಲಿಲ್ಲ’ ಎನ್ನುತ್ತದೆ, ಬಟನ್ ಮೇಲೆ ‘ಬ್ಯಾಂಕ್’ ಎಂದೇ ಇರುತ್ತದೆ, ನೀವು ಎರಡನ್ನೂ ಮಿಕಿಮಿಕಿ ನೋಡುತ್ತ ಕೂರುತ್ತೀರಿ. ಹುಬ್ಬಳ್ಳಿಯವರು ಬರಹ ಹಿಡಿದು ಹುಡುಕಬಾರದು ಎನ್ನಲು ಇದೂ ಒಂದು ಕಾರಣ.

● ಡಬ್ಲ್ಯುಪಿಎಫ್‌ಗಿಂತ ಹಿಂದಿನ ಸಲಕರಣೆಯಾದ ವಿನ್‌ಫಾರ್ಮ್ಸ್‌ನಲ್ಲಿ ಮಾಡಿದ ಹಳೆಯ ತಂತ್ರಾಂಶ. ನೂರಾರು ಪರದೆಗಳು, ಎಲ್ಲೆಲ್ಲೂ ‘ಬಟನ್1’, ‘ಬಟನ್2’. ಎಲ್ಲಕ್ಕೂ ಈಗ ಗುರುತಿಡಬೇಕೇ? (ಓದುಗರು, ತುಮಕೂರು)

ಬೇಡ, ಆಯಸ್ಸು ಸಾಲದು. ಹಣ ಓಡಾಡುವ ಪರದೆಗಳಿಂದ ಶುರು ಮಾಡಿ, ಅವುಗಳಲ್ಲೂ ಪರೀಕ್ಷೆ ಮುಟ್ಟುವ ಅಂಗಗಳಿಗೆ ಮಾತ್ರ. ವಿನ್‌ಫಾರ್ಮ್ಸ್‌ನಲ್ಲಿ ಕಂಟ್ರೋಲ್‌ನ ‘ನೇಮ್’ ಗುಣವೇ ಹೊರಗೆ ಆಟೊಮೇಷನ್ ಐಡಿಯಾಗಿ ಕಾಣುತ್ತದೆ; ಕಿವಿಗೆ ಕೇಳಿಸಬೇಕಾದದ್ದು ‘ಆಕ್ಸೆಸಿಬಲ್‌ನೇಮ್’. ಮೇಲೆ ಧಾರವಾಡದವರಿಗೆ ಹೇಳಿದ ‘ನೇಮ್’ ಜೊತೆ ಇದನ್ನು ಕಲಸಿಕೊಳ್ಳಬೇಡಿ. ಹೆಸರು ಬದಲಿಸುವಾಗ ವಿಷುಯಲ್ ಸ್ಟುಡಿಯೊದ ‘ರಿನೇಮ್’ ಸೌಲಭ್ಯವನ್ನೇ ಬಳಸಿ. ಹುಡುಕಿ ಬದಲಿಸಲು ಹೊರಟರೆ ‘ಬಟನ್1’ ಜೊತೆ ‘ಬಟನ್10’, ‘ಬಟನ್11’ ಕೂಡ ಕೆಟ್ಟುಹೋಗುತ್ತವೆ.