ಎದುರು ಮನೆಯ ನಾಲ್ಕು ಕಾರುಗಳು

ಸಲಹಾರ್ಥಿಗೆ ಅರವತ್ತರ ಆಸುಪಾಸಿನ ವಯಸ್ಸು. ಕಚೇರಿಯ ಕೆಲಸದಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು. ರಾತ್ರಿ ನಿದ್ರೆಯಿಲ್ಲ, ಮಾತ್ರೆ ತೆಗೆದುಕೊಂಡರೂ ರಕ್ತದೊತ್ತಡ ಹತೋಟಿಗೆ ಬರುತ್ತಿಲ್ಲ ಎಂಬ ಕಾರಣಕ್ಕೆ ಅವರ ವೈದ್ಯರೇ ಆಪ್ತಸಲಹೆಗೆ ಕಳುಹಿಸಿದ್ದರು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಇಲ್ಲಿ ಪ್ರಸ್ತಾಪವಾಗುವ ಎರಡೂ ಕುಟುಂಬಗಳ ಒಪ್ಪಿಗೆ ಪಡೆದ ಮೇಲೆಯೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಮೊದಲ ಭೇಟಿಯಲ್ಲಿ ಅವರು ನಿದ್ರೆಯ ಬಗ್ಗೆ ಆಡಿದ್ದು ಒಂದೆರಡು ಮಾತು. ಉಳಿದ ಹೊತ್ತೆಲ್ಲ ಹೋದದ್ದು ಎದುರು ಮನೆಯ ಕಾರುಗಳ ವಿಚಾರಕ್ಕೆ. "ಅವರ ಮನೇಲಿ ಕಾರು ಓಡಿಸೋರು ಮೂರು ಜನ, ಕಾರು ನಾಲ್ಕು ಮೇಡಂ. ನನ್ನದು ಒಂದೇ ಒಂದು. ಆ ಒಂದನ್ನೂ ನನ್ನ ಮನೆ ಮುಂದೆ ನಿಲ್ಲಿಸೋಕಾಗದಿದ್ರೆ ನಾನು ಈ ಬೀದೀಲಿ ಇದ್ದು ಏನು ಪ್ರಯೋಜನ?" ಎಂದು ಕೇಳಿದ ಅವರು ಚೀಲದಿಂದ ಒಂದು ದಪ್ಪ ನೋಟ್‌ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಪ್ರತಿ ಪುಟಕ್ಕೂ ಕೆಂಪು ಶಾಯಿಯಲ್ಲಿ ಅಡ್ಡಗೆರೆ, ಉದ್ದಗೆರೆ, ದಿನಾಂಕ, ಕಾರಿನ ಬಣ್ಣ, ಬಂದ ಹೊತ್ತು, ಹೋದ ಹೊತ್ತು ಎಂಬ ಅಂಕಣಗಳು, ಕೊನೆಯಲ್ಲಿ 'ಷರಾ'. ಜೀವಮಾನವೆಲ್ಲ ಕಡತ ನೋಡಿದವರ ಅಚ್ಚುಕಟ್ಟು ಅದರಲ್ಲಿತ್ತು. ಷರಾ ಅಂಕಣದಲ್ಲಿ ಮೊದಮೊದಲು 'ನಮ್ಮ ಗೇಟಿನ ಎಡಗಡೆ', 'ಅರ್ಧ ಮೀಟರ್ ಅಡ್ಡ' ಎಂದಿದ್ದದ್ದು ಪುಟಗಳು ಕಳೆದಂತೆ ಒಂದೇ ಪದಕ್ಕೆ ಬಂದು ನಿಂತಿತ್ತು: 'ಉದ್ದೇಶಪೂರ್ವಕ'.

ಆ ನೋಟ್‌ಪುಸ್ತಕವನ್ನು ನಾನು ಬದಿಗೆ ಸರಿಸಲಿಲ್ಲ. ಇಷ್ಟು ಶ್ರದ್ಧೆಯಿಂದ ಬರೆದುಕೊಂಡು ಬಂದದ್ದನ್ನು ಕಣ್ಣೆತ್ತಿಯೂ ನೋಡದೆ ನಿಮ್ಮ ಮನಸ್ಸಿನ ಬಗ್ಗೆ ಹೇಳಿ ಎಂದರೆ ಯಾರಿಗೇ ಆದರೂ ಅವಮಾನವಾಗುತ್ತದೆ. ಕಳೆದ ಒಂದು ತಿಂಗಳ ಪುಟಗಳನ್ನು ತೆರೆದು, ತಾವು ಕಾರು ತಂದು ನಿಲ್ಲಿಸಲು ಜಾಗವಿಲ್ಲದೆ ಹಿಂದಿರುಗಿದ ದಿನಗಳಿಗೆ ಮಾತ್ರ ಗುರುತು ಹಾಕುವಂತೆ ಕೇಳಿಕೊಂಡೆ. ಅವರು ನಿಧಾನವಾಗಿ ಓದುತ್ತ ಹೋಗಿ ನಾಲ್ಕು ಕಡೆ ಗುರುತು ಹಾಕಿ ಪೆನ್ನು ಕೆಳಗಿಟ್ಟರು. ಮಿಕ್ಕ ದಿನಗಳಲ್ಲಿ ಅವರ ಕಾರು ಮನೆಯ ಮುಂದೆಯೇ ಇತ್ತು, ಏಕೆಂದರೆ ಅದು ಅಲ್ಲಿಂದ ಕದಲಿರಲಿಲ್ಲ. ಹೊರಗೆ ತೆಗೆದರೆ ಜಾಗ ಹೋಗುತ್ತದೆಂದು ನೆಂಟರ ಮನೆಗೆ ಹೋಗುವುದನ್ನು ಬಿಟ್ಟಿದ್ದರು, ಸಂಜೆಯ ತಿರುಗಾಟ ಬಿಟ್ಟಿದ್ದರು, ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆಯಾಗಿದ್ದ ಪತ್ನಿಯನ್ನು ವ್ಯಾಯಾಮ ಚಿಕಿತ್ಸೆಗೆ ಬಾಡಿಗೆ ವಾಹನದಲ್ಲಿ ಕಳುಹಿಸುತ್ತಿದ್ದರು. ಸ್ವಂತ ಕಾರು ಜಾಗ ಕಾಯಲು ಉಳಿದಿತ್ತು. ಇದನ್ನು ನಾನು ಹೇಳಬೇಕಾಗಿ ಬರಲಿಲ್ಲ. ಗುರುತು ಹಾಕಿದ ಮೇಲೆ ಅವರೇ ಬಹಳ ಹೊತ್ತು ಮಾತಾಡಲಿಲ್ಲ.

ಎರಡನೆಯ ಭೇಟಿಯಲ್ಲಿ ಅಂಗಿಯ ಜೇಬಿನಿಂದ ಟೈರಿನ ವಾಲ್ವಿನ ಪುಟ್ಟ ಕಪ್ಪು ಮುಚ್ಚಳವನ್ನು ತೆಗೆದು ತೋರಿಸಿದರು. ಒಂದು ರಾತ್ರಿ ಎದುರು ಮನೆಯವರ ಬಿಳಿ ಕಾರಿನ ಗಾಳಿ ಬಿಡಲೆಂದು ಹೋಗಿ, ಚಕ್ರದ ಪಕ್ಕ ಕುಳಿತು ಮುಚ್ಚಳ ಬಿಚ್ಚಿ, ಅಷ್ಟರಲ್ಲಿ ತಮಗೇ ತಮ್ಮ ಬಗ್ಗೆ ಹೇಸಿಗೆಯಾಗಿ ಎದ್ದು ಬಂದಿದ್ದರಂತೆ. ಇಂಥ ಮಾತು ಬಂದಾಗ ಸಲಹೆಗಾರರು ಮೃದುವಾಗಬಾರದು ಎಂಬುದು ನನ್ನ ಅಭಿಪ್ರಾಯ. ಅದು ಅಪರಾಧ, ಜೊತೆಗೆ ಗಾಳಿ ಕಡಿಮೆಯಾದ ಚಕ್ರದಲ್ಲಿ ವೇಗವಾಗಿ ಹೊರಟವರ ಜೀವಕ್ಕೂ ಅಪಾಯ, ಆ ವಾಹನಗಳ ಹತ್ತಿರ ಇನ್ನು ಯಾವ ಕಾರಣಕ್ಕೂ ಸುಳಿಯಕೂಡದು ಎಂದು ನೇರವಾಗಿಯೇ ಹೇಳಿದೆ. ಅದನ್ನು ಎದುರು ಮನೆಯವರಿಗೆ ಹೇಳಿಕೊಳ್ಳುವುದೋ ಬಿಡುವುದೋ ಅವರ ತೀರ್ಮಾನಕ್ಕೆ ಬಿಟ್ಟೆ.

ಮನೆಯ ಮುಂದಿನ ಬೀದಿ ಇಷ್ಟು ಕೋಪ ಹುಟ್ಟಿಸುವುದೇಕೆ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಉಪಯುಕ್ತ ವಿವರಣೆಯಿದೆ. ಇರ್ವಿನ್ ಆಲ್ಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1975ರಲ್ಲಿ ಮನುಷ್ಯ ತನ್ನದೆಂದು ಭಾವಿಸುವ ಜಾಗಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮಲಗುವ ಕೋಣೆಯಂಥದ್ದು ಸಂಪೂರ್ಣ ಸ್ವಂತ; ಬಸ್ಸಿನ ಸೀಟಿನಂಥದ್ದು ಎಲ್ಲರದು, ಎದ್ದರೆ ಮುಗಿಯಿತು; ಇವೆರಡರ ನಡುವೆ ದಿನವೂ ಬಳಸಿ ರೂಢಿಯಿಂದ ನಮ್ಮದಾದ ಜಾಗಗಳಿವೆ. ಮನೆಯೆದುರಿನ ಬೀದಿಯಂಚು ಕಾನೂನಿನ ಕಣ್ಣಿಗೆ ಎಲ್ಲರದು, ಆ ಮನೆಯಲ್ಲಿರುವವರ ಮನಸ್ಸಿಗೆ ಹೆಚ್ಚುಕಡಿಮೆ ಸ್ವಂತದ್ದು. ಹೀಗಾಗಿ ಅಲ್ಲಿ ಬೇರೆಯವರು ಕಾರು ನಿಲ್ಲಿಸಿದಾಗ, ನಿಲ್ಲಿಸಿದವರಿಗೆ ತಾವು ತಪ್ಪು ಮಾಡಿದೆವೆಂದೇ ಅನಿಸುವುದಿಲ್ಲ. ಒಳಗಿರುವವರಿಗೆ ಯಾರೋ ಅಂಗಳಕ್ಕೆ ಕಾಲಿಟ್ಟಂತಾಗುತ್ತದೆ. ಇಬ್ಬರೂ ಪ್ರಾಮಾಣಿಕರೇ. ಬ್ಯಾರಿ ರುಬ್ಯಾಕ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಂಗಡಿ ಸಂಕೀರ್ಣದ ವಾಹನ ನಿಲುಗಡೆಯಿಂದ ಹೊರಡುವ ಚಾಲಕರು ತಮ್ಮ ಜಾಗಕ್ಕಾಗಿ ಇನ್ನೊಬ್ಬರು ಕಾಯುತ್ತಿರುವುದು ಕಂಡಾಗ ಹೊರಡಲು ಹೆಚ್ಚು ಸಮಯ ತೆಗೆದುಕೊಂಡದ್ದು ಕಂಡುಬಂದಿತು. ಬಿಟ್ಟುಹೋಗಲೆಂದೇ ಹೊರಟ ಜಾಗದ ಮೇಲೂ ಇಷ್ಟು ಹಿಡಿತವಿರುವುದಾದರೆ, ಇಪ್ಪತ್ತು ವರ್ಷ ದಿನವೂ ಕಣ್ಣಿಗೆ ಬಿದ್ದ ಜಾಗದ ಬಗ್ಗೆ ಹೇಳಬೇಕಾದದ್ದಿಲ್ಲ.

ಮೂರನೆಯ ಭೇಟಿಗೆ ಅವರ ಪತ್ನಿಯೂ ಬಂದರು. ಪ್ರಕರಣ ತಿರುಗಿದ್ದು ಅವರ ಮಾತಿನಿಂದ. "ರಾತ್ರಿ ಕಾರು ಎಲ್ಲಿ ನಿಂತರೆ ನನಗೇನು? ಅದಕ್ಕೇನು ನೆಗಡಿ ಬರುತ್ತಾ? ನನಗೆ ಬೇಕಾಗಿರೋದು ಗೇಟಿನ ಹತ್ತಿರ ಇಳಿಯೋಕೆ ಐದು ನಿಮಿಷ. ಅದನ್ನ ಇವರು ಯಾವತ್ತೂ ಅವರ ಹತ್ತಿರ ಕೇಳೇ ಇಲ್ಲ" ಎಂದರು. ಗಂಡ ಕೂಡಲೇ, ಕೇಳುವುದೇನು ಬಂತು, ಅವರಿಗೇ ಗೊತ್ತಾಗಬೇಡವೇ ಎಂದರು. ನನ್ನ ಅನುಭವದಲ್ಲಿ ಅಕ್ಕಪಕ್ಕದವರ ಜಗಳಗಳಲ್ಲಿ ಅತಿ ಹೆಚ್ಚು ಕಾಲ ಕೊಳೆಯುವುದು ಈ 'ಅವರಿಗೇ ಗೊತ್ತಾಗಬೇಡವೇ' ಎಂಬ ನಿರೀಕ್ಷೆ. ಎದುರು ಮನೆಯವರಿಗೆ ಶಸ್ತ್ರಚಿಕಿತ್ಸೆಯಾದದ್ದೇ ತಿಳಿದಿರಲಿಲ್ಲವೆಂಬುದು ಆಮೇಲೆ ಗೊತ್ತಾಯಿತು.

ಮುಂದಿನ ಭೇಟಿಗೆ ಮುನ್ನ ಒಂದು ಕೆಲಸ ಕೊಟ್ಟೆ: ನೋಟ್‌ಪುಸ್ತಕ ಮುಚ್ಚಿಟ್ಟು, ಅಳತೆಪಟ್ಟಿ ಹಿಡಿದು ಬೀದಿಯನ್ನು ಅಳೆಯುವುದು. ಹಲ್ಲು ನೋಯುವ ಕಡೆಗೇ ನಾಲಿಗೆ ಹೋಗುವಂತೆ ಅವರ ಗಮನ ಬೇಡವೆಂದರೂ ಬೀದಿಗೇ ಹೋಗುತ್ತಿತ್ತು; ಹೋಗುವುದಾದರೆ ಉಪಯೋಗಕ್ಕೆ ಬರಲಿ ಎಂಬುದು ನನ್ನ ಲೆಕ್ಕಾಚಾರ. ಅವರು ತಂದ ಅಳತೆಗಳು ಚರ್ಚೆಯ ದಿಕ್ಕನ್ನೇ ಬದಲಿಸಿದವು. ಪ್ರತಿ ಮನೆಯ ಮುಂಭಾಗ ಒಂಬತ್ತು ಮೀಟರ್. ಗೇಟಿಗೆ ಮೂರು ಮೀಟರ್ ಬಿಟ್ಟರೆ ಉಳಿಯುವುದು ಆರು. ಸಾಧಾರಣ ಕಾರಿನ ಉದ್ದ ನಾಲ್ಕರಿಂದ ನಾಲ್ಕೂವರೆ ಮೀಟರ್, ಹಿಂದೆ ಮುಂದೆ ಮಾಡಿ ನಿಲ್ಲಿಸಲು ಇನ್ನೊಂದು ಮೀಟರಿಗೂ ಹೆಚ್ಚು ಬೇಕು. ಅಂದರೆ ಆ ಬೀದಿ ಮನೆಗೊಂದು ಕಾರನ್ನು ಮಾತ್ರ ತಾಳಬಲ್ಲದು. ಎರಡನೆಯ ಕಾರು ಬಂದ ದಿನವೇ ಅದು ಇನ್ನೊಬ್ಬರ ಮನೆಯ ಮುಂದೆ ನಿಲ್ಲಬೇಕಾಗುತ್ತದೆ, ಮಾಲೀಕರು ಎಷ್ಟೇ ಸಜ್ಜನರಾಗಿರಲಿ. ಬೀದಿಯ ಅಗಲ ಆರು ಮೀಟರ್ ಎಂದೂ ಬರೆದು ತಂದಿದ್ದರು. ಎರಡೂ ಬದಿಯಲ್ಲಿ ಒಂದು ಮೀಟರ್ ಎಂಬತ್ತು ಸೆಂಟಿಮೀಟರ್ ಅಗಲದ ಕಾರು ನಿಂತರೆ ನಡುವೆ ಉಳಿಯುವುದು ಎರಡು ಮೀಟರ್ ನಲವತ್ತು ಸೆಂಟಿಮೀಟರ್; ಅಗ್ನಿಶಾಮಕ ವಾಹನದ ಅಗಲವೇ ಸುಮಾರು ಎರಡೂವರೆ ಮೀಟರ್. ಈ ಸಾಲನ್ನು ಓದಿದಾಗ ಅವರ ಧ್ವನಿಯಲ್ಲಿ ಎದುರು ಮನೆಯವರ ಮೇಲಿನ ಸಿಟ್ಟಿಗಿಂತ ಬೀದಿಯ ಬಗೆಗಿನ ಆತಂಕ ಹೆಚ್ಚಾಗಿತ್ತು. 'ಉದ್ದೇಶಪೂರ್ವಕ' ಎಂಬ ಷರಾವನ್ನು ಅಳತೆಪಟ್ಟಿ ಅರ್ಧಕ್ಕರ್ಧ ಸಡಿಲಿಸಿತ್ತು.

ಅವರಿಗೆ ನಾನು ಕೊಟ್ಟ ಸಲಹೆ ಹೀಗಿತ್ತು. ಗೇಟಿಗೆ ಅಡ್ಡವಾಗಿ ನಿಲ್ಲಿಸುವುದು ಬೇರೆ, ಮನೆಯ ಮುಂದೆ ನಿಲ್ಲಿಸುವುದು ಬೇರೆ. ಮೊದಲನೆಯದಕ್ಕೆ ಸಂಚಾರ ನಿಯಮದ ಬೆಂಬಲವಿರುತ್ತದೆ, ಸಂಬಂಧಪಟ್ಟವರಿಗೆ ದೂರು ಕೊಡಬಹುದು. ಎರಡನೆಯದರಲ್ಲಿ ಕೇಳಿಕೊಳ್ಳುವುದಕ್ಕೆ ಅವಕಾಶವಿದೆಯೇ ಹೊರತು ಹಕ್ಕಿನ ಮಾತಿಗೆ ಅವಕಾಶವಿಲ್ಲ. ಜಾಗ ಹಿಡಿಯಲು ಅವರು ಇಡುತ್ತಿದ್ದ ಕಲ್ಲು ಮತ್ತು ಹೂಕುಂಡ ಸಾರ್ವಜನಿಕ ರಸ್ತೆಯಲ್ಲಿ ಅಡಚಣೆಯೆಂದೇ ಪರಿಗಣಿತವಾಗುವುದರಿಂದ ಮಾತುಕತೆಗೆ ಮೊದಲು ಅವನ್ನು ತೆಗೆಯಬೇಕು. ಗಾಜಿಗೆ ಚೀಟಿ ಸಿಕ್ಕಿಸುವುದು, ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕುವುದು ಬೇಡವೇ ಬೇಡ. ಹತ್ತು ಜನರ ಮುಂದೆ ಮುಖಭಂಗವಾದವರು ಮೊದಲು ಮುಖ ಉಳಿಸಿಕೊಳ್ಳುತ್ತಾರೆ, ಕಾರು ಆಮೇಲಿನ ಮಾತು. ಎದುರು ಮನೆಯವರು ಕೆಲಸದಿಂದ ದಣಿದು ಬಂದು ಕಾರಿನಿಂದ ಇಳಿಯುವ ಹೊತ್ತಿನಲ್ಲಿ ಕೇಳದೆ, ರಜಾದಿನದ ಬೆಳಗ್ಗೆ ದಂಪತಿಯಾಗಿ ಮನೆಗೇ ಹೋಗಿ ಕೇಳಬೇಕು. ಕೇಳುವಾಗ ನಾಲ್ಕು ಕಾರಿನ ಎಣಿಕೆ ಬಾಯಿಗೆ ಬರಬಾರದು, ತಮ್ಮ ಅಗತ್ಯವನ್ನು ಮಾತ್ರ ಹೊತ್ತು ದಿನ ಸಮೇತ ಹೇಳಬೇಕು. ಆ ಮಾತನ್ನು ನನ್ನ ಕೋಣೆಯಲ್ಲಿಯೇ ಹಲವು ಬಾರಿ ಆಡಿ ನೋಡಿದೆವು. ಮೊದಮೊದಲು ಪ್ರತಿ ಸಲವೂ ಅವರ ವಾಕ್ಯ "ನೀವು ಯಾವಾಗಲೂ" ಎಂದೇ ಶುರುವಾಗುತ್ತಿತ್ತು. ಕೊನೆಗೆ ನಿಂತದ್ದು ಇದು: "ನಮ್ಮ ಮನೆಯವರಿಗೆ ಮಂಡಿ ಆಪರೇಷನ್ ಆಗಿದೆ. ವಾರದಲ್ಲಿ ಮೂರು ದಿನ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಚಿಕಿತ್ಸೆಗೆ ಹೋಗಿಬರಬೇಕು. ಆ ಹೊತ್ತಿನಲ್ಲಿ ಗೇಟಿನ ಎಡಗಡೆ ಖಾಲಿ ಇದ್ದರೆ ನಮಗೆ ಬಹಳ ಉಪಕಾರವಾಗುತ್ತೆ."

ಹೋಗಿ ಕೇಳಿದರು. ಎದುರು ಮನೆಯ ಹಿರಿಯ ಸೊಸೆ ಅಲ್ಲಿಯೇ ಒಪ್ಪಿಕೊಂಡರಲ್ಲದೆ, ಮಾತಿನ ನಡುವೆ ಆಪ್ತಸಲಹೆಯ ಪ್ರಸ್ತಾಪ ಬಂದದ್ದರಿಂದ ತಾವೂ ಒಮ್ಮೆ ಬರಬಹುದೇ ಎಂದು ಕೇಳಿ, ಸಲಹಾರ್ಥಿಯ ಸಮ್ಮತಿಯ ಮೇಲೆ ನನ್ನನ್ನು ಬಂದು ಕಂಡರು. ನಾಲ್ಕು ಕಾರುಗಳಿರುವ ಮನೆಯೆಂದರೆ ಶ್ರೀಮಂತಿಕೆಯ ಪ್ರದರ್ಶನ ಎಂದು ಭಾವಿಸುವವರು ಅವರ ಲೆಕ್ಕವನ್ನು ಕೇಳಬೇಕು. ಒಂದು ಮಾವನವರ ಹಳೆಯ ಕಾರು; ಒಂದು ಗಂಡನಿಗೆ ಕಂಪನಿ ಕೊಟ್ಟದ್ದು, ಅದನ್ನು ಬೇರೆಯವರು ಓಡಿಸುವಂತಿಲ್ಲ; ಒಂದು ರಾತ್ರಿ ಪಾಳಿಗೆ ಹೋಗುವ ಇವರದು; ಒಂದು ಮೈದುನನದು. ಪ್ರತಿಯೊಂದು ಬಂದಾಗಲೂ ಕಾರಣವಿತ್ತು. ಒಟ್ಟಾಗಿ ಎಲ್ಲಿ ನಿಲ್ಲಬೇಕೆಂದು ಯಾರೂ ಯೋಚಿಸಿರಲಿಲ್ಲ. ಕಾಂಪೌಂಡಿನ ಒಳಗೆ ಎರಡು ಕಾರಿಗೆ ಜಾಗವಿದ್ದರೂ ಒಂದರ ಪಾಲನ್ನು ಹಳೆಯ ಸೋಫಾ, ಮಕ್ಕಳ ಸೈಕಲ್ಲು, ರಟ್ಟಿನ ಪೆಟ್ಟಿಗೆಗಳು ಆಕ್ರಮಿಸಿದ್ದವು. ಜಪಾನಿನಲ್ಲಿ 1962ರ ಕಾನೂನಿನ ಪ್ರಕಾರ ಕಾರು ಇಟ್ಟುಕೊಳ್ಳುವವರು ಅದನ್ನು ನಿಲ್ಲಿಸಲು ರಸ್ತೆಯಿಂದ ಹೊರಗೆ ಜಾಗ ಹೊಂದಿರಲೇಬೇಕು. ಅಂಥ ನಿಯಮವಿಲ್ಲದ ಕಡೆ ಆ ಪ್ರಶ್ನೆಯನ್ನು ಮನೆಯವರೇ ಕೇಳಿಕೊಳ್ಳದಿದ್ದರೆ ಅದನ್ನು ನೆರೆಯವರು ಕೇಳುತ್ತಾರೆ, ಅದೂ ಒಳ್ಳೆಯ ಮಾತಿನಲ್ಲಿ ಕೇಳುವುದಿಲ್ಲ ಎಂದೆ. ಅವರು ನಕ್ಕರು.

ಆ ಕುಟುಂಬಕ್ಕೆ ಕೊಟ್ಟ ಸಲಹೆ ಬಹುಮಟ್ಟಿಗೆ ವ್ಯಾವಹಾರಿಕವಾದದ್ದು: ಕಾಂಪೌಂಡಿನ ಒಳಗಿನ ಸಾಮಾನು ತೆರವು ಮಾಡಿ ಎರಡು ಕಾರನ್ನೂ ಒಳಗೆ ನಿಲ್ಲಿಸುವುದು; ಒಂದರ ಹಿಂದೆ ಒಂದು ನಿಲ್ಲಬೇಕಾದ್ದರಿಂದ ಬೀಗದ ಕೈಗಳನ್ನು ಎಲ್ಲರಿಗೂ ಸಿಗುವ ಕಡೆ ತೂಗುಹಾಕಿ, ಬೆಳಗ್ಗೆ ಮೊದಲು ಹೊರಡುವ ಕಾರನ್ನು ಹೊರಬದಿಗೆ ಇಡುವುದು; ಬೀದಿಯಲ್ಲಿ ನಿಲ್ಲುವ ಕಾರುಗಳು ನಡುವೆ ಅರ್ಧ ಕಾರಿನಷ್ಟು ಜಾಗ ಬಿಟ್ಟು ಒಂದು ಇಡೀ ಜಾಗವನ್ನು ಹಾಳುಮಾಡದಂತೆ ನೋಡಿಕೊಳ್ಳುವುದು; ಅತಿ ಕಡಿಮೆ ಓಡುವ ಕಾರು ಅತಿ ದೂರದಲ್ಲಿ ನಿಲ್ಲುವುದು. ನೆಂಟರು ಬರುವ ದಿನ ಮುಂಚಿತವಾಗಿ ಎದುರು ಮನೆಗೆ ಒಂದು ಮಾತು ಹೇಳುವುದಕ್ಕೂ ಒಪ್ಪಿಕೊಂಡರು. ಕಂಪನಿಯ ಕಾರಿನ ವಿಷಯದಲ್ಲಿ ಗಂಡ ಒಪ್ಪಲಿಲ್ಲ, ಅದು ರಾತ್ರಿ ಬೀದಿಯಲ್ಲಿಯೇ ನಿಲ್ಲುತ್ತದೆ.

ಕೆಲವು ತಿಂಗಳ ನಂತರದ ಭೇಟಿಯಲ್ಲಿ ಸಲಹಾರ್ಥಿಯ ನಿದ್ರೆ ಸುಧಾರಿಸಿತ್ತು, ರಕ್ತದೊತ್ತಡದ ಬಗ್ಗೆ ವೈದ್ಯರೇ ನಿಗಾ ಮುಂದುವರಿಸಿದ್ದಾರೆ. ಪತ್ನಿಯನ್ನು ತಾವೇ ಚಿಕಿತ್ಸೆಗೆ ಕರೆದೊಯ್ಯುತ್ತಾರೆ, ಹಿಂದಿರುಗಿದಾಗ ಜಾಗವಿಲ್ಲದಿದ್ದರೆ ಅವರನ್ನು ಗೇಟಿನಲ್ಲಿ ಇಳಿಸಿ ಕಾರನ್ನು ಬೀದಿಯ ತುದಿಯಲ್ಲಿ ಬಿಟ್ಟು ನಡೆದು ಬರುತ್ತಾರೆ. ಸಿಟ್ಟು ಪೂರ್ತಿ ಹೋಗಿಲ್ಲವೆಂದೂ, ಕಂಪನಿಯ ಕಾರು ಕಂಡಾಗ ಈಗಲೂ ಹಲ್ಲು ಕಚ್ಚುತ್ತೇನೆಂದೂ ಅವರೇ ಹೇಳಿದರು. ನಿವೃತ್ತಿಯ ನಂತರ ದಿನ ತುಂಬಿಸಲು ಏನೂ ಇರದೆ ಕಿಟಕಿಯ ಪಕ್ಕದ ಕುರ್ಚಿಯೇ ಕಚೇರಿಯಾದದ್ದರ ಬಗ್ಗೆ ಮಾತು ಈಗಷ್ಟೇ ಆರಂಭವಾಗಿದೆ. ಬೀದಿಯ ಅಳತೆಯ ನಕ್ಷೆಯನ್ನು ಹಿಡಿದು, ಒಂದೇ ಬದಿಯಲ್ಲಿ ನಿಲುಗಡೆ ಇರಲೆಂದು ಉಳಿದ ಮನೆಗಳವರನ್ನು ಒಪ್ಪಿಸುವ ಕೆಲಸಕ್ಕೆ ಅವರು ಕೈಹಾಕಿದ್ದಾರೆ.

ಬಾಕಿ ಉಳಿದಿರುವುದು ಎದುರು ಮನೆಯ ಮಾವನವರ ಹಳೆಯ ಕಾರು. ದೃಷ್ಟಿ ಮಂದವಾದ ಮೇಲೆ ಅವರು ಅದನ್ನು ಓಡಿಸಿಲ್ಲ, ಹೊದಿಕೆಯಡಿ ನಿಂತೇ ಇದೆ. ಮಾರೋಣವೆಂದು ಮಗ ಬಾಯಿ ತೆರೆದರೆ ಅವರು ಊಟ ಬಿಟ್ಟು ಎದ್ದುಹೋಗುತ್ತಾರಂತೆ. ಆ ಕಾರನ್ನು ಬೀದಿಯ ಜಾಗದ ಲೆಕ್ಕಕ್ಕೆ ಸೇರಿಸಿ ಮಾತಾಡಬೇಡಿ ಎಂದು ಸೊಸೆಗೆ ಹೇಳಿದ್ದೇನೆ. ಮಾವನವರು ಒಪ್ಪಿದರೆ ಅವರೊಬ್ಬರೇ ಬಂದು ಮಾತಾಡಲೆಂದು ಬೇರೆ ದಿನ ಗೊತ್ತು ಮಾಡಿದ್ದೇವೆ.