ಚೆರಿ ಗಿಡಕ್ಕೆ ಮೊದಲು ದಾರ, ಆಮೇಲೆ ಕತ್ತರಿ

ಪ್ರಶ್ನೆ: ಹೋದ ವರ್ಷ ನೆಟ್ಟ ಸಿಹಿ ಚೆರಿ ಗಿಡ ಈಗ ನನಗಿಂತ ಎತ್ತರ ಆಗಿದೆ. ಆದರೆ ಬರೀ ಕೋಲು. ಪಕ್ಕಕ್ಕೆ ಎರಡೇ ರೆಂಬೆ, ಅವೂ ಕಾಂಡಕ್ಕೆ ಒರಗಿಕೊಂಡು ಮೇಲಕ್ಕೇ ಹೋಗುತ್ತಿವೆ. ತುದಿ ಕತ್ತರಿಸಲಾ? ಯಾವಾಗ?

ಉತ್ತರ: ಸದ್ಯಕ್ಕೆ ತುದಿ ಮುಟ್ಟಬೇಡಿ. ಸಿಹಿ ಚೆರಿಯ ಸ್ವಭಾವವೇ ಮೇಲಕ್ಕೆ ಓಡುವುದು. ತುದಿ ಕತ್ತರಿಸಿದರೆ ಆ ಗಾಯದ ಕೆಳಗೇ ಮೂರ್ನಾಲ್ಕು ಚಿಗುರು ಒಟ್ಟಿಗೆ ಏಳುತ್ತವೆ, ಅವೂ ನೆಟ್ಟಗೆ. ಕೆಳಗಿನ ಕಾಂಡ ಮಾತ್ರ ಬೋಳಾಗಿಯೇ ಉಳಿಯುತ್ತದೆ.

ಮೊದಲು ಆ ಎರಡು ರೆಂಬೆಗಳ ಬುಡ ನೋಡಿ. ಕವಲಿನಲ್ಲಿ ತೊಗಟೆ ಒಳಕ್ಕೆ ಮಡಚಿಕೊಂಡಿದೆಯಾ? ಹಾಗಿದ್ದರೆ ಆ ಕವಲು ಗಟ್ಟಿಯಲ್ಲ. ಮುಂದೆ ಹಣ್ಣಿನ ಭಾರಕ್ಕೆ ಸೀಳಿಹೋಗುತ್ತದೆ. ಅಂಥ ರೆಂಬೆಯನ್ನು ಈಗಲೇ ತೆಗೆಯುವುದು ಒಳ್ಳೆಯದು. ಕವಲು ಚೆನ್ನಾಗಿದ್ದರೆ ಅಗಲವಾದ ಬಟ್ಟೆಪಟ್ಟಿ ಕಟ್ಟಿ, ನೆಲದಲ್ಲಿ ಗೂಟ ಹೊಡೆದು, ನಿಧಾನವಾಗಿ ಹೊರಕ್ಕೆ ಎಳೆಯಿರಿ. ಕಾಂಡದಿಂದ 50ರಿಂದ 60 ಡಿಗ್ರಿ ಓರೆ ಸಾಕು. ತುಂಬಾ ಬಗ್ಗಿಸಿದರೆ ಬಾಗಿದ ಜಾಗದಿಂದ ಮತ್ತೆ ನೆಟ್ಟನೆ ಚಿಗುರುಗಳು ಏಳುತ್ತವೆ.

ಇನ್ನು ಹೊಸ ಚಿಗುರುಗಳ ವಿಷಯ. ಇದು ನನಗೆ ತುಂಬಾ ಇಷ್ಟವಾದ ಕೆಲಸ. ಚಿಗುರು ಒಂದು ಗೇಣು ಆಗುವ ಮೊದಲೇ, ಇನ್ನೂ ಎಳಸಾಗಿರುವಾಗ, ಅದರ ಮೇಲೆ ಕಾಂಡಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ. ಕ್ಲಿಪ್ಪಿನ ಬಾಲ ಚಿಗುರನ್ನು ಹೊರಕ್ಕೆ ತಳ್ಳುತ್ತದೆ. ಕೆಲವು ವಾರಗಳಲ್ಲಿ ಬುಡ ಗಟ್ಟಿಯಾಗುತ್ತದೆ, ಆಗ ಕ್ಲಿಪ್ ತೆಗೆದುಬಿಡಿ. ಒಂದು ಗಾಯವೂ ಇಲ್ಲದೆ ಗಿಡಕ್ಕೆ ಆಕಾರ ಬರುತ್ತದೆ!

ಬೋಳು ಕಾಂಡದಲ್ಲಿ ರೆಂಬೆ ಬೇಕು ಅಲ್ವಾ? ಚಿಗುರು ಹೊರಡುವ ಕಣ್ಣುಗಳು ಅಲ್ಲೇ ಇವೆ, ಮಲಗಿವೆ ಅಷ್ಟೆ. ತುದಿಯಿಂದ ಇಳಿಯುವ ಹಾರ್ಮೋನು ಅವನ್ನು ತಡೆದಿರುತ್ತದೆ. ಕಣ್ಣು ಒಡೆಯುವ ಕಾಲಕ್ಕೆ ಸ್ವಲ್ಪ ಮುಂಚೆ, ಬೇಕಾದ ಕಣ್ಣಿನ ಸ್ವಲ್ಪ ಮೇಲೆ ತೊಗಟೆಯನ್ನು ಕಟ್ಟಿಗೆ ತಾಗುವಷ್ಟು ಮಾತ್ರ ಅಡ್ಡಕ್ಕೆ ಕೊಯ್ಯಿರಿ. ಕಾಂಡದ ಸುತ್ತಳತೆಯ ಮೂರನೇ ಒಂದು ಭಾಗ ಸಾಕು. ಸುತ್ತಲೂ ದಿಕ್ಕಿಗೊಂದರಂತೆ ನಾಲ್ಕೈದು ಕಣ್ಣು ಆರಿಸಿಕೊಳ್ಳಿ.

ಯಾವಾಗ ಅಂತ ಕೇಳಿದ್ದೀರಿ. ಗಾಯ ಮಾಡುವ ಯಾವ ಕೆಲಸವೇ ಆಗಲಿ, ಒಣ ಹವೆಯಲ್ಲೇ ಮಾಡಿ. ನಾನು ನನ್ನ ಮೊದಲ ಚೆರಿಯನ್ನು ಸೇಬಿನ ಗಿಡದ ಹಾಗೆ ಚಳಿಗಾಲದ ಒದ್ದೆ ದಿನಗಳಲ್ಲಿ ಸವರಿದ್ದೆ. ವಸಂತದಲ್ಲಿ ಕತ್ತರಿಸಿದ ಕಡೆಯೆಲ್ಲ ಜೇನಿನ ಬಣ್ಣದ ಅಂಟು. ಬೇಸಿಗೆಗೆ ಒಂದು ದೊಡ್ಡ ಟೊಂಗೆಯೇ ಒಣಗಿತು. ಬ್ಯಾಕ್ಟೀರಿಯಾದ ಕ್ಯಾಂಕರ್ ರೋಗ ಹಸಿ ಗಾಯದಿಂದ ಒಳಹೊಕ್ಕಿತ್ತು. ಆ ಗಿಡ ನೆನೆದರೆ ಈಗಲೂ ಸಂಕಟವಾಗುತ್ತದೆ. ಅಂದಿನಿಂದ ದೊಡ್ಡ ರೆಂಬೆ ತೆಗೆಯುವುದಿದ್ದರೆ ಬೇಸಿಗೆಯ ಕೊನೆಗೆ, ಮುಂದಿನ ಕೆಲವು ದಿನ ಮಳೆ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ತೆಗೆಯುತ್ತೇನೆ. ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಳ್ಳುತ್ತೇನೆ.

ಸುಮ್ನೆ ಪ್ರತಿ ವರ್ಷ ತುದಿ ಕತ್ತರಿಸುವ ಅಭ್ಯಾಸ ಬೇಡ. ಚೆರಿ ಜಾಸ್ತಿ ಬಿಡುವುದು ಎರಡು ವರ್ಷ ದಾಟಿದ ಕಟ್ಟಿಗೆಯ ಗಿಡ್ಡ ಮುಳ್ಳಿನಂಥ ಕುಡಿಗಳ ಮೇಲೆ. ಕತ್ತರಿಸಿದಷ್ಟೂ ಹಣ್ಣು ತಡ.

ಕಟ್ಟಿದ ಪಟ್ಟಿಗಳನ್ನು ಹದಿನೈದು ದಿನಕ್ಕೊಮ್ಮೆ ಸಡಿಲಿಸಿ ನೋಡಿ. ಎಳೆ ರೆಂಬೆ ಬೇಗ ದಪ್ಪವಾಗುತ್ತದೆ, ಪಟ್ಟಿ ತೊಗಟೆಗೆ ಕೊರೆಯಬಾರದು.